ಬೀದರಿನ ಬಿದ್ರಿ: ಬೆಳ್ಳಿಗಿಂತ ಮೊದಲು ಕಪ್ಪು ನೋಡಿ

ನಮ್ಮ ಅಪ್ಪ ಯಾವ ಸಾಮಾನು ಕೈಗೆ ಕೊಟ್ಟರೂ ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತಾರೆ. ಗದಗಿನಲ್ಲಿ ನಲವತ್ತು ವರ್ಷ ಪತ್ತಾರಿಕೆ, ಅಂದರೆ ಚಿನ್ನ ಬೆಳ್ಳಿಯ ಕೆಲಸ, ಮಾಡಿದ ಕೈ ಅದು. ಕಳೆದ ವರ್ಷ ನಾನು ಬೀದರಿನಿಂದ ತಂದ ಬಿದ್ರಿ ಪೇಪರ್‌ವೇಟನ್ನೂ ಹಾಗೇ ತೂಗಿದರು. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕೆಲಸ.

"ಇದರಾಗ ಬೆಳ್ಳಿ ಎಷ್ಟೈತಿ?"

"ಒಂದೂವರೆ ಗ್ರಾಂ ಇರಬಹುದು ಅಪ್ಪಾ."

"ರೊಕ್ಕ?"

"ಎರಡು ಸಾವಿರದ ಇನ್ನೂರು."

ಅಪ್ಪ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ಅವರು ಸುಮ್ಮನಿದ್ದರೆ ಏನು ಅರ್ಥ ಅಂತ ನನಗೆ ಗೊತ್ತು. ಒಂದೂವರೆ ಗ್ರಾಂ ಬೆಳ್ಳಿಗೆ ಇಷ್ಟು ದುಡ್ಡು ಕೊಟ್ಟು ಬಂದಳಲ್ಲ ಮಗಳು ಅಂತ. ಅವತ್ತು ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಈಗ 14 ತಿಂಗಳು ಆ ಸಾಮಾನುಗಳ ಜೊತೆ ಬಾಳಿದ ಮೇಲೆ ಹೇಳಬಲ್ಲೆ ಅನ್ನಿಸುತ್ತಿದೆ. ಬೀದರಿಗೆ ಹೋಗಿ ಬಿದ್ರಿ ಕೊಳ್ಳಬೇಕು ಅಂದುಕೊಂಡವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನು ತಂದದ್ದು ಮೂರು ಸಾಮಾನು. ಹೊಳೆಯ ಕಲ್ಲಿನ ಆಕಾರದ ಪೇಪರ್‌ವೇಟ್ ಒಂದು, 2,200 ರೂಪಾಯಿ. ಆರು ಇಂಚಿನ ಹೂದಾನಿ ಒಂದು, 5,400. ಒಂದು ಜೊತೆ ಕಿವಿಯೋಲೆ, 900. ಮೂರೂ ಒಂದೇ ಕಡೆ, ಹಳೇ ಊರಿನ ಚೌಬಾರಾ ಗೋಪುರದ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೊಂಡದ್ದು. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮನೆಯ ಮುಂದಿನ ಎರಡು ಕೋಣೆ, ಹಿಂದೆ ಕುಲುಮೆ ಇರುವ ಒಂದು ಅಂಗಳ. ಅಪ್ಪ, ಮಗ, ಮಗಳು, ಇನ್ನೊಬ್ಬ ಕೆಲಸದ ಹುಡುಗ. ಅಷ್ಟೇ.

ಇದಕ್ಕೂ ಮೊದಲು ಒಂದು ಸಲ ಮೋಸ ಹೋಗಿದ್ದೆ. ಕೆಲವು ವರ್ಷದ ಹಿಂದೆ ದೊಡ್ಡ ಊರೊಂದರ ಕರಕುಶಲ ಮೇಳದಲ್ಲಿ ಬಿದ್ರಿ ಅಂತ ಹೇಳಿ ಒಂದು ಕುಂಕುಮದ ಡಬ್ಬಿ ಕೊಟ್ಟರು. ಕಪ್ಪಗೆ ಫಳಫಳ ಹೊಳೆಯುತ್ತಿತ್ತು, ಮೇಲೆ ಬಿಳಿ ನವಿಲು. ನಾಲ್ಕು ತಿಂಗಳಿಗೆ ಮುಚ್ಚಳದ ಅಂಚಿನಲ್ಲಿ ಕಪ್ಪು ಸಿಪ್ಪೆ ಎದ್ದಿತು. ಉಗುರಿನಿಂದ ಕೆರೆದರೆ ಬಣ್ಣ. ಕೆಳಗೆ ಹಗುರವಾದ ಯಾವುದೋ ಲೋಹ. ನವಿಲೂ ಕೂರಿಸಿದ್ದಲ್ಲ, ಮೇಲೆ ಅಚ್ಚು ಒತ್ತಿದ್ದು. ಪತ್ತಾರರ ಮಗಳಾಗಿ ಅದನ್ನು ಅಲ್ಲೇ ಗುರುತು ಹಿಡಿಯಲಿಲ್ಲವಲ್ಲ ಅಂತ ಬಹಳ ದಿನ ಬೇಜಾರಾಗಿತ್ತು. ಅವತ್ತು ನಾನು ನೋಡಿದ್ದು ಬರೀ ನವಿಲನ್ನು. ಕಪ್ಪನ್ನು ನೋಡಿರಲಿಲ್ಲ.

ಅದಕ್ಕೇ ಈ ಸಲ ಬೀದರಿಗೇ ಹೋಗಬೇಕು ಅಂತ ಹಟ ಹಿಡಿದೆ. ಕಲಬುರಗಿಯಲ್ಲಿ ತಂಗಿಯ ಮನೆ ಇದೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಹೋಗಿ ಬರುವುದು ಸುಲಭವಾಗಿದೆ. ಇಬ್ಬರೂ ಬೆಳಿಗ್ಗೆ ಹೊರಟೆವು.

ಅಂಗಡಿಗೆ ಹೋಗುವ ಮುಂಚೆ ಕೋಟೆಗೆ ಹೋಗಿ. ಇದು ನನ್ನ ಗಟ್ಟಿಯಾದ ಸಲಹೆ. ಕೋಟೆಯೊಳಗೆ ರಂಗೀನ್ ಮಹಲ್ ಅಂತ ಇದೆ. ಈಗ ಕಾಣುವ ಕೆಲಸ ಹೆಚ್ಚಾಗಿ 16ನೆಯ ಶತಮಾನದ್ದು, ಬರೀದ್ ಶಾಹಿ ಅರಸ ಅಲಿ ಬರೀದನ ಕಾಲದ್ದು. ನಾವು ಹೋದಾಗ ಬೀಗ ಹಾಕಿತ್ತು. ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡ ಮೇಲೆ ತೆರೆದು ತೋರಿಸಿದರು. ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಳ್ಳಿ, ಹೂವು, ಅಕ್ಷರ ಬಿಡಿಸಿದ್ದಾರೆ. ಬಾಗಿಲಿನಿಂದ ಬೆಳಕು ಓರೆಯಾಗಿ ಬಿದ್ದಾಗ ಕಲ್ಲು ಹಿಂದಕ್ಕೆ ಸರಿದು, ಚಿಪ್ಪಿನ ಗೆರೆ ಮಾತ್ರ ತೇಲುತ್ತಿರುವ ಹಾಗೆ ಕಾಣುತ್ತದೆ. ನನ್ನ ತಂಗಿ "ಅಕ್ಕಾ, ಇದು ಗ್ವಾಡಿ ಮ್ಯಾಲಿನ ಬಿದ್ರಿ" ಅಂದಳು. ಸರಿಯಾಗಿ ಹೇಳಿದಳು. ಕಪ್ಪು ಕಲ್ಲಿನ ಮೇಲೆ ಚಿಪ್ಪು, ಕಪ್ಪು ಲೋಹದ ಮೇಲೆ ಬೆಳ್ಳಿ. ಒಂದೇ ಊರು, ಒಂದೇ ಕಣ್ಣು.

ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಕಾಲದಲ್ಲಿ ಇರಾನ್ ಕಡೆಯ ಕುಶಲಕರ್ಮಿಗಳು ಬಂದರು, ಅವರ ಕೈಯಿಂದ ಈ ಕೆಲಸ ಇಲ್ಲಿ ಬೇರೂರಿತು ಅಂತ ಹೇಳುತ್ತಾರೆ. ಇರಬಹುದು. ಆದರೆ ಬಂದವರು ತಂದ ಕೆಲಸ ಈ ಊರಿನದೇ ಆಗಿ ಹೋಗಿದ್ದು ಈ ಊರಿನ ಮಣ್ಣಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಕೋಟೆಯಿಂದ ಹಳೇ ಊರಿಗೆ ಬರುವ ದಾರಿಯಲ್ಲೇ ಮಹಮೂದ್ ಗವಾನ್ ಮದರಸಾ ಇದೆ, 1472ರದ್ದು. ಅದನ್ನು ದಾಟಿ ಚೌಬಾರಾದ ಕಡೆ ನಡೆದರೆ ದಾರಿಯ ಎರಡೂ ಬದಿ ಬಿದ್ರಿ ಅಂಗಡಿಗಳು ಸಿಗುತ್ತವೆ. ಕಿವಿಗೊಟ್ಟರೆ ಸಾಕು. ಸಣ್ಣ ಸುತ್ತಿಗೆ ಉಳಿಯ ತಲೆಗೆ ಬೀಳುವ ಟಕ್ ಟಕ್ ಕೇಳುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಕೇಳುತ್ತ ಬೆಳೆದ ಸದ್ದು ಅದು. ಆ ಸದ್ದಿನ ಹಿಂದೆ ಹೋಗಿಯೇ ನಾವು ಆ ಮನೆಗೆ ಸೇರಿದ್ದು.

ಯಜಮಾನರಿಗೆ ಅರವತ್ತು ದಾಟಿರಬಹುದು. ನಾನು ಚಾಚಾ ಅಂದೆ, ಅವರು ಅಕ್ಕಾ ಅಂದರು. ನಾನು ಪತ್ತಾರರ ಮನೆಯವಳು ಅಂತ ಗೊತ್ತಾದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಅಂಗಡಿಯ ಮೆಟ್ಟಿಲಿನಿಂದ ಒಳಗೆ ಕರೆದರು, ಚಹಾ ತರಿಸಿದರು, ಹಿಂದಿನ ಅಂಗಳದವರೆಗೂ ಕರೆದುಕೊಂಡು ಹೋದರು. ಆದರೆ ಬೇರೆ ಗಿರಾಕಿಗಳಿಗೂ ಅವರು ಕೆಲಸ ತೋರಿಸುವುದನ್ನು ನೋಡಿದೆ. ಕೇಳಿದರೆ ತೋರಿಸುತ್ತಾರೆ. ನಾಚಿಕೊಳ್ಳದೆ ಕೇಳಿ.

ಬಿದ್ರಿಯ ಮೈ ಸತುವಿನದು. ಅವರು ಜಸ್ತ್ ಅನ್ನುತ್ತಾರೆ. 16 ಪಾಲು ಸತುವಿಗೆ 1 ಪಾಲು ತಾಮ್ರ. ಕರಗಿಸಿದ್ದನ್ನು ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನ ಮಣ್ಣು ಬಿಗಿಯಾಗಿ ನಿಲ್ಲಲಿ ಅಂತ ರಾಳ ಮತ್ತು ಔಡಲೆಣ್ಣೆ ಸೇರಿಸುತ್ತಾರೆ. ಅಚ್ಚಿನಿಂದ ಬಂದ ಸಾಮಾನು ಒರಟಾಗಿರುತ್ತದೆ. ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಆಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪಾಗುತ್ತದೆ, ಮೊನೆಯಿಂದ ಗೀಚಿದರೆ ಗೆರೆ ಎದ್ದು ಕಾಣುತ್ತದೆ. ಸೀಮೆಹಲಗೆ ಇದ್ದ ಹಾಗೆ.

ಆ ಮನೆಯಲ್ಲಿ ಗೆರೆ ಎಳೆಯುವುದು ಮಗಳು. ಬಿ.ಎ. ಓದುತ್ತಿದ್ದಾಳೆ. ಪೆನ್ಸಿಲ್ ಇಲ್ಲ, ಕಾಗದದ ಅಚ್ಚು ಇಲ್ಲ. ಕೈಯಲ್ಲೊಂದು ಉಕ್ಕಿನ ಮೊನೆ. ದುಂಡಗಿನ ಹೂಜಿಯ ಮೇಲೆ ಸುತ್ತಲೂ ಎಂಟು ಹೂವು ಬರಬೇಕು ಅಂದರೆ ಎಂಟನೆಯದು ಮೊದಲನೆಯದರ ಪಕ್ಕಕ್ಕೆ ಸರಿಯಾಗಿ ಬಂದು ಕೂರಬೇಕು. ಅಳತೆ ಹೇಗಮ್ಮ ಅಂತ ಕೇಳಿದೆ. ಬೆರಳು ತೋರಿಸಿದಳು. ಹೆಬ್ಬೆರಳಿನಿಂದ ನಡುಬೆರಳಿಗೆ ಎಷ್ಟು ದೂರ ಅಂತ ಅವಳ ಕೈಗೆ ಗೊತ್ತು.

ಮುಂದಿನದು ನನಗೆ ಪರಿಚಯ ಇರುವ ಲೋಕ. ಸಾಮಾನನ್ನು ಮೇಣದಿಂದ ಕಲ್ಲಿನ ಮೇಲೆ ಕೂರಿಸಿ, ಗೆರೆಯ ಗುಂಟ ಉಳಿಯಿಂದ ಕೊರೆಯುತ್ತಾರೆ. ಕೊರೆದ ಜಾಡಿಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಷಿ ಅನ್ನುತ್ತಾರೆ. ತಂತಿಯ ಬದಲು ಬೆಳ್ಳಿಯ ತಗಡನ್ನು ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿ ಕೂರಿಸಿದರೆ ಅದು ತಹನಿಶಾನ್. ಅಂಟು ಇಲ್ಲ, ಬೆಸುಗೆ ಇಲ್ಲ. ಜಾಡು ಸರಿಯಾಗಿದ್ದರೆ ಬೆಳ್ಳಿ ಅದರೊಳಗೆ ಕಚ್ಚಿಕೊಳ್ಳುತ್ತದೆ. ಜಾಡು ಜಾಸ್ತಿ ಅಗಲವಾದರೆ ಅಲುಗಾಡುತ್ತದೆ, ಕಿರಿದಾದರೆ ಒಳಗೇ ಇಳಿಯುವುದಿಲ್ಲ. ನಮ್ಮ ಅಪ್ಪ ಹರಳು ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಚಾಚಾನ ಮಗನೂ ಹಾಗೇ ಮಾಡುತ್ತಿದ್ದ. ನೋಡುತ್ತ ನಿಂತ ನಾನೂ ಉಸಿರು ಹಿಡಿದಿದ್ದೆ.

ಬೆಳ್ಳಿ ಕೂರಿಸಿ ಆದ ಮೇಲೆ ಮತ್ತೆ ಅರ, ಮತ್ತೆ ಉಜ್ಜುವುದು. ಮೈಲುತುತ್ತದ ಕಪ್ಪೆಲ್ಲ ಹೋಗಿಬಿಡುತ್ತದೆ. ಈಗ ಸಾಮಾನು ಪೂರ್ತಿ ಬೆಳ್ಳಗೆ. ಸತುವೂ ಬಿಳುಪು, ಬೆಳ್ಳಿಯೂ ಬಿಳುಪು. ದಿನಗಟ್ಟಲೆ ಕೊರೆದ ಬಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಚಾಚಾ ಒಂದು ಸಣ್ಣ ತಟ್ಟೆಯನ್ನು ನನ್ನ ಕೈಗೆ ಕೊಟ್ಟು "ಹೂವ ಎಲ್ಲಿ ಅದ ಹೇಳ್ರಿ ಅಕ್ಕಾ" ಅಂದರು. ಬೆಳಕಿಗೆ ಹಿಡಿದು ತಿರುಗಿಸಿದೆ. ನನಗೂ ಸರಿಯಾಗಿ ಕಾಣಲಿಲ್ಲ.

ಇಲ್ಲಿಂದ ಮುಂದೆ ಮಣ್ಣಿನ ಕೆಲಸ. ಬೀದರ್ ಕೋಟೆಯ ಹಳೇ ಕಟ್ಟಡಗಳ ಒಳಗೆ, ಬಿಸಿಲು ಮಳೆ ಬೀಳದ ಜಾಗದಿಂದ ತೆಗೆದ ಮಣ್ಣು. ಅದರಲ್ಲಿ ಪೆಟ್ಲುಪ್ಪಿನ ಅಂಶ ಇರುತ್ತದೆ ಅನ್ನುತ್ತಾರೆ. ಒಳ್ಳೆಯ ಮಣ್ಣು ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದಕ್ಕೆ ಚಾಚಾ "ನಾಲಿಗಿ ಮ್ಯಾಲ ಇಟ್ಟ ನೋಡಿದ್ರ ಗೊತ್ತಾಗ್ತದ್ರಿ" ಅಂದರು. ಒಂದು ಡಬ್ಬಿಯಲ್ಲಿ ಸ್ವಲ್ಪ ಮಣ್ಣು ಇಟ್ಟಿದ್ದರು. ಬೂದಿ ಬಣ್ಣ ಬೆರೆತ ಸಾಧಾರಣ ಮಣ್ಣು. ನೋಡಿದರೆ ಏನೂ ವಿಶೇಷ ಇಲ್ಲ. ಅದಕ್ಕೆ ನವಸಾಗರ ಅನ್ನುವ ಲವಣ ಬೆರೆಸಿ ನೀರು ಹಾಕಿ ಕಲಸಿದರು. ನವಸಾಗರ ನಮ್ಮ ಮನೆಯಲ್ಲೂ ಇರುತ್ತಿತ್ತು, ಆ ಘಾಟು ಮೂಗಿಗೆ ಬಂದಾಗ ಊರೇ ನೆನಪಾಯಿತು. ತಟ್ಟೆಯನ್ನು ಹದವಾಗಿ ಬಿಸಿ ಮಾಡಿ, ಆ ಕೆಸರನ್ನು ಬಟ್ಟೆಯಿಂದ ಮೈಗೆಲ್ಲ ತಿಕ್ಕಿದರು. ಆಮೇಲೆ ನೀರಿನಲ್ಲಿ ಅದ್ದಿ ತೊಳೆದರು.

ತಟ್ಟೆ ಕಪ್ಪಾಗಿತ್ತು. ಬೆಳ್ಳಿ ಬೆಳ್ಳಗೇ ಇತ್ತು. ಸತುವನ್ನು ಹಿಡಿದ ಮಣ್ಣು ಬೆಳ್ಳಿಯನ್ನು ಮುಟ್ಟಲೇ ಇಲ್ಲ. ಹುಡುಕಿದರೂ ಸಿಗದ ಹೂವು ಎದ್ದು ಬಂದು ಮುಖಕ್ಕೇ ನಿಂತಿತು. ನನ್ನ ತಂಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಚಾಚಾ ನಾಲ್ಕು ಹನಿ ಎಣ್ಣೆ ಹಾಕಿ ಒರೆಸಿದರು. ಕಪ್ಪು ಇನ್ನೂ ಆಳವಾಯಿತು.

ಆಗ ನನಗೆ ಅಪ್ಪನ ಒರೆಗಲ್ಲು ನೆನಪಾಯಿತು. ಕಪ್ಪು ಕಲ್ಲು ಅದು. ಚಿನ್ನ ತಿಕ್ಕಿದರೆ ಗೆರೆ ಬೀಳುತ್ತದೆ, ಗೆರೆ ನೋಡಿ ಚಿನ್ನದ ಬೆಲೆ ಕಟ್ಟುತ್ತಾರೆ. ಕಲ್ಲಿನ ಬೆಲೆ ಯಾರೂ ಕೇಳುವುದಿಲ್ಲ. ಬಿದ್ರಿ ಕೊಳ್ಳುವವರೂ ಹಾಗೇ ಮಾಡುತ್ತಾರೆ. ಬೆಳ್ಳಿ ಎಷ್ಟಿದೆ ಅಂತ ಕೇಳುತ್ತಾರೆ. ನಾವು ಅಲ್ಲಿ ಕೂತ ಎರಡು ಗಂಟೆಯಲ್ಲಿ ಬಂದ ಗಿರಾಕಿಗಳೆಲ್ಲ ಅದನ್ನೇ ಕೇಳಿದರು. ಬೆಳ್ಳಿ ಜಾಸ್ತಿ ಕಾಣುವ ಸಾಮಾನನ್ನೇ ಎತ್ತಿಕೊಂಡರು. ಆದರೆ ಬೆಳ್ಳಿ ಎಲ್ಲ ಕಡೆ ಸಿಗುತ್ತದೆ. ಗದಗಿನಲ್ಲಿ ಅಪ್ಪನ ಹತ್ತಿರವೂ ಇದೆ. ಆ ಕಪ್ಪು ಮಾತ್ರ ಬೀದರಿನಲ್ಲೇ ಆಗಬೇಕು. ನಾನು ದುಡ್ಡು ಕೊಟ್ಟು ತಂದದ್ದು ಅದನ್ನು.

ಈಗ ಸಾಮಾನುಗಳ ವಿಷಯ.

ಮೂರರಲ್ಲಿ ನನಗೆ ಬಹಳ ಇಷ್ಟವಾದದ್ದು ಪೇಪರ್‌ವೇಟ್. ಮುಷ್ಟಿಯೊಳಗೆ ಅಡಗುತ್ತದೆ, ತೂಕ 320 ಗ್ರಾಂ. ಹೊಳೆಯಲ್ಲಿ ಉರುಳಿ ಉರುಳಿ ನುಣುಪಾದ ಕಲ್ಲಿನ ಹಾಗೆ ಒಂದು ಕಡೆ ಸ್ವಲ್ಪ ಉಬ್ಬು, ಇನ್ನೊಂದು ಕಡೆ ಚಪ್ಪಟೆ. ಮೇಲೆ ಒಂದೇ ಒಂದು ಬೇವಿನ ಕಡ್ಡಿ. ಕಡ್ಡಿಗೆ ಹನ್ನೊಂದು ಎಲೆ. ಮೂರು ಎಲೆ ತಗಡಿನವು, ಪೂರ್ತಿ ಬಿಳಿ. ಉಳಿದ ಎಂಟು ಬರೀ ತಂತಿಯ ಗೆರೆ, ಒಳಗೆ ಕಪ್ಪು. ಬಿಸಿಲಿಗೆ ತಿರುಗಿದ ಎಲೆಗೂ ನೆರಳಲ್ಲಿರುವ ಎಲೆಗೂ ಇರುವ ವ್ಯತ್ಯಾಸ ಅದು. ಉಳಿದ ಮುಕ್ಕಾಲು ಭಾಗ ಖಾಲಿ. ಅಲ್ಲಿ ಏನೂ ಇಲ್ಲ, ಸುಮ್ನೆ ಕಪ್ಪು.

ಇದನ್ನು ಬಿಡಿಸಿದ್ದು ಆ ಮಗಳು. ಅಂಗಳದ ಬೇವಿನ ಮರ ನೋಡಿ ಬಿಡಿಸಿದ್ದಂತೆ. ಬಿದ್ರಿಯ ಹಳೇ ಹೂವುಗಳಲ್ಲಿ ಗಸಗಸೆ ಹೂವು ಇದೆ, ಅಶರ್ಫಿ ಬೂಟಿ ಅಂತ ನಾಣ್ಯದ ಹಾಗಿರುವ ದುಂಡು ಹೂವು ಇದೆ, ಫೂಲ್ ಜಾಲಿ ಅಂತ ಹೂವಿನ ಜಾಲರಿ ಇದೆ. ಅವೆಲ್ಲ ಅವಳ ಕೈಗೆ ಬರುತ್ತವೆ. ಆದರೆ ದಿನಾ ಕಣ್ಣಿಗೆ ಬೀಳುವುದು ಬೇವು ಅಲ್ವಾ ಅಂತ ಅವಳ ವಾದ. ಚಾಚಾಗೆ ಮೊದಲು ಇದು ಒಪ್ಪಿಗೆ ಇರಲಿಲ್ಲ. ಇಷ್ಟು ಜಾಗ ಖಾಲಿ ಬಿಟ್ಟರೆ ಕೆಲಸ ಕದ್ದ ಹಾಗೆ ಕಾಣುತ್ತದೆ, ಗಿರಾಕಿ ದುಡ್ಡು ಕೊಡುವುದಿಲ್ಲ ಅಂತ ಅವರ ಭಯ. ಭಯ ಸುಳ್ಳಲ್ಲ. ನಾನು ತೆಗೆದುಕೊಂಡದ್ದು ಆ ಥರದ ಮೊದಲ ನಾಲ್ಕರಲ್ಲಿ ಒಂದು. ಇನ್ನೆರಡು ಹಾಗೇ ಕಪಾಟಿನಲ್ಲಿದ್ದವು.

ಆದರೆ ಖಾಲಿ ಬಿಡುವುದು ಸುಲಭ ಅಂತ ತಿಳಿಯಬೇಡಿ. ತುಂಬ ಬಳ್ಳಿ ಇದ್ದರೆ ಕಪ್ಪಿನ ದೋಷ ಬಳ್ಳಿಯ ಕೆಳಗೆ ಮುಚ್ಚಿಹೋಗುತ್ತದೆ. ಖಾಲಿ ಬಿಟ್ಟ ಕಡೆ ಅರದ ಒಂದು ಗೀರು ಉಳಿದರೂ, ಎರಕದಲ್ಲಿ ಒಂದು ಸೂಜಿಮೊನೆಯ ತೂತು ಬಿದ್ದರೂ ಕಾಣುತ್ತದೆ. ನನ್ನ ಪೇಪರ್‌ವೇಟಿನ ಮೇಲೆ ಅಂಥದ್ದು ಒಂದೂ ಇಲ್ಲ. ಬ್ಯಾಂಕಿನಲ್ಲಿ ನನ್ನ ಮೇಜಿನ ಮೇಲೆ ಇರುತ್ತದೆ. ಫ್ಯಾನ್ ಗಾಳಿಗೆ ಚಲನ್ ಹಾರದ ಹಾಗೆ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮುಟ್ಟಿದರೆ ತಣ್ಣಗಿರುತ್ತದೆ. ಕೌಂಟರಿಗೆ ಬಂದವರು ಮಾತಾಡುತ್ತ ಮಾತಾಡುತ್ತ ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಒಬ್ಬ ಅಜ್ಜಿ ಹೆಬ್ಬೆರಳಿನಿಂದ ಎಲೆ ಸವರುತ್ತ ಇಡೀ ಪಾಸ್‌ಬುಕ್ ಎಂಟ್ರಿ ಮುಗಿಯುವವರೆಗೂ ಕೂತಿದ್ದರು. ಅಷ್ಟು ಕೈ ಮುಟ್ಟಿಯೂ ಕಪ್ಪು ಮಾಸಿಲ್ಲ. ಕೈಯ ಜಿಡ್ಡಿಗೆ ಇನ್ನೂ ಚೆಂದ ಆಗಿದೆ.

ಹೂದಾನಿ ಹಳೇ ಪದ್ಧತಿಯದು. ಕತ್ತು ಸಣ್ಣ, ಹೊಟ್ಟೆ ದುಂಡು, ಸುತ್ತಲೂ ಗಸಗಸೆ ಹೂವಿನ ಬಳ್ಳಿ. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಹಳೇ ಬಿದ್ರಿ ಸಾಮಾನು ಬಹಳ ಇದೆ. ಅಲ್ಲಿ ನೋಡಿದ ಹುಕ್ಕಾ ಬುಡಗಳ ನೆನಪಿನಿಂದ ಇದನ್ನು ಆರಿಸಿದೆ. ಕತ್ತಿನ ಭಾಗದ ಕೆಲಸ ಬಹಳ ಚೆನ್ನಾಗಿದೆ. ಬಳ್ಳಿ ಕತ್ತಿನಿಂದ ಹೊಟ್ಟೆಗೆ ಇಳಿಯುವಾಗ ಎಲ್ಲೂ ಕಡಿದ ಹಾಗೆ ಅನ್ನಿಸುವುದಿಲ್ಲ. ಆದರೆ ಬುಡದ ಹತ್ತಿರ ಹೂವುಗಳು ಇಕ್ಕಟ್ಟಾಗಿವೆ. ಅಲ್ಲಿ ಬೇರೆ ಕೈ ಕೆಲಸ ಮಾಡಿದೆ ಅಂತ ನನ್ನ ಅನುಮಾನ. ಅಪ್ಪ ಭೂತಗನ್ನಡಿ ಹಿಡಿದು ನೋಡಿ ಎರಡು ಕಡೆ ತಂತಿಯ ಕೊನೆ ಕೂದಲೆಳೆಯಷ್ಟು ಮೇಲೆದ್ದಿದೆ ಅಂತ ತೋರಿಸಿದರು. ಬೆರಳಿಗೆ ತಗಲುತ್ತದೆ. ಒಳಭಾಗವನ್ನು ಉಜ್ಜದೆ ಒರಟಾಗಿ ಬಿಟ್ಟಿದ್ದಾರೆ. 5,400ಕ್ಕೆ ಇದು ಮೋಸವೇನಲ್ಲ. ದಿನಗಟ್ಟಲೆ ಕೆಲಸ ಇದೆ ಅದರಲ್ಲಿ. ಆದರೆ ಮತ್ತೆ ಕೊಳ್ಳುವುದಾದರೆ ಇಷ್ಟು ತುಂಬಿದ್ದನ್ನು ಕೊಳ್ಳುವುದಿಲ್ಲ.

ಹೂದಾನಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹುಕ್ಕಾ ಬುಡದಲ್ಲಿ ನೀರು ತುಂಬುತ್ತಿದ್ದರಲ್ಲ, ಇದರಲ್ಲೂ ಹಾಕಬಹುದು ಅಂದುಕೊಂಡು ಸುಗಂಧಿ ಹೂವಿನ ಕಡ್ಡಿ ಇಟ್ಟು ಒಂದು ವಾರ ನೀರು ಬಿಟ್ಟೆ. ಒಳಗೆ ಬಿಳಿ ಬಿಳಿ ಪುಡಿ ಹಿಡಿಯಿತು. ಕತ್ತಿನ ಅಂಚಿನಲ್ಲಿ ನೀರು ನಿಂತ ಕಡೆ ಕಪ್ಪು ಮಬ್ಬಾಯಿತು. ಸತುವಿನ ಗುಣ ಅದು, ನೀರು ನಿಂತರೆ ಹೀಗಾಗುತ್ತದೆ. ಚಾಚಾಗೆ ಫೋನ್ ಮಾಡಿದೆ. ಬೈಯಲಿಲ್ಲ. ಒಳಗೆ ಪೂರ್ತಿ ಒಣಗಿಸಿ, ಹೊರಗೆ ಕೊಬ್ಬರಿ ಎಣ್ಣೆ ಸವರಿ ಎರಡು ದಿನ ಬಿಡಿ ಅಂದರು. ಮುಕ್ಕಾಲು ಪಾಲು ಸರಿಹೋಯಿತು. ಈಗ ಒಳಗೆ ಉದ್ದನೆಯ ಗಾಜಿನ ನಳಿಕೆ ಇಟ್ಟು ಅದರಲ್ಲಿ ನೀರು ಹಾಕುತ್ತೇನೆ. ಕೊಡುವಾಗಲೇ ಇದನ್ನು ಹೇಳಬೇಕಿತ್ತು. ಒಂದು ಚೀಟಿಯಲ್ಲಿ ಬರೆದು ಸಾಮಾನಿನ ಜೊತೆ ಇಟ್ಟರೂ ಸಾಕು. ಫೋನಿನಲ್ಲಿ ಈ ಮಾತನ್ನೂ ಹೇಳಿದ್ದೇನೆ.

ಕಿವಿಯೋಲೆ ನನಗೆ ಹಿಡಿಸಲಿಲ್ಲ. ನೋಡಲು ಚೆಂದ, ಕರಿ ಬಿಲ್ಲೆಯ ಮೇಲೆ ನಾಲ್ಕು ಎಸಳಿನ ಹೂವು. ಆದರೆ ಸತು ಭಾರದ ಲೋಹ. ಅರ್ಧ ದಿನ ಹಾಕಿಕೊಂಡರೆ ಕಿವಿ ಎಳೆಯುತ್ತದೆ. ಬೆವರು ತಗಲುವ ಹಿಂಬದಿಯಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿದೆ. ಬಿಲ್ಲೆಯನ್ನು ಇನ್ನೂ ತೆಳ್ಳಗೆ ಮಾಡಬೇಕು, ಹಿಂದೆ ಬೆಳ್ಳಿಯ ತಗಡು ಹಾಕಬೇಕು. ಈಗಿನ ಕಾಲಕ್ಕೆ ಬೇಕಾದದ್ದನ್ನು ಮಾಡಬೇಕು ಅಂತ ಕೀಲಿಗೊಂಚಲು, ಪೆನ್‌ಡ್ರೈವ್ ಕವಚ, ಮೊಬೈಲ್ ಸ್ಟ್ಯಾಂಡ್ ಎಲ್ಲ ಬಂದಿವೆ. ಅವುಗಳ ಮಾರಾಟದಿಂದ ಆ ಮನೆಗಳ ಒಲೆ ಉರಿಯುತ್ತದೆ ಅಂತ ನನಗೆ ಗೊತ್ತು, ಬೇಡ ಅನ್ನಲಾರೆ. ಆದರೂ ಜೇಬಿನಲ್ಲಿ ಕೀಲಿಯ ಜೊತೆ ತಿಕ್ಕಾಡುವ ಸಾಮಾನಿಗೆ ಈ ಕಪ್ಪು ಹೇಳಿದ್ದಲ್ಲ. ಮೇಜಿನ ಮೇಲೆ, ಗೂಡಿನಲ್ಲಿ, ಕೈಯಳತೆಯಲ್ಲಿ ಇಡುವಂಥದ್ದು ಮಾಡಿದರೆ ಅದು ಅರಳುತ್ತದೆ. ಆ ಹುಡುಗಿಯ ಬೇವಿನ ಕಲ್ಲು ನನಗೆ ಈ ಕಾರಣಕ್ಕೇ ಮುಖ್ಯ ಅನ್ನಿಸಿತು. ಅದು ಹೊಸದು, ಆದರೆ ಹೊಸದಾಗಬೇಕು ಅಂತ ಲೋಹಕ್ಕೆ ಒಗ್ಗದ ಕೆಲಸ ಹೇಳಿಲ್ಲ.

ಕೊಳ್ಳುವಾಗ ನಾನು ಏನೇನು ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ಮೊದಲು ಕೈಯಲ್ಲಿ ಹಿಡಿಯಿರಿ. ಗಾತ್ರಕ್ಕೆ ತಕ್ಕ ಭಾರ ಇರಬೇಕು. ಸಣ್ಣ ಅಯಸ್ಕಾಂತ ಇದ್ದರೆ ತೆಗೆದುಕೊಂಡು ಹೋಗಿ. ಅಂಟಿಕೊಂಡರೆ ಅದು ಕಬ್ಬಿಣ, ಬಿದ್ರಿ ಅಲ್ಲ. ಕಣ್ಣು ಮುಚ್ಚಿ ಬೆರಳಿನಿಂದ ಸವರಿ. ಬೆಳ್ಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಬೆರಳಿಗೆ ಗೊತ್ತಾಗಬಾರದು. ಆಮೇಲೆ ಬಾಗಿಲ ಬೆಳಕಿಗೆ ತಂದು ಕಪ್ಪು ನೋಡಿ. ಬಣ್ಣ ಬಳಿದ ಕಪ್ಪು ಕನ್ನಡಿಯ ಹಾಗೆ ಹೊಳೆಯುತ್ತದೆ. ಮಣ್ಣಿನ ಕಪ್ಪು ಹಾಗೆ ಹೊಳೆಯುವುದಿಲ್ಲ. ಎಣ್ಣೆ ಹಚ್ಚಿದ ಕಡಪ ಕಲ್ಲಿನ ಹಾಗೆ ಒಳಗೊಳಗೇ ಇರುತ್ತದೆ. ಅಂಗಡಿಯ ಬಿಳಿ ದೀಪದ ಕೆಳಗೆ ಇದು ತಿಳಿಯುವುದಿಲ್ಲ, ಹೊರಗೇ ಬರಬೇಕು. ಬಿದ್ರಿಗೆ 2006ರಲ್ಲಿ ಈ ಊರಿನದೇ ಕೆಲಸ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ ಅಂತ ಎಲ್ಲ ಅಂಗಡಿಯವರೂ ಹೇಳುತ್ತಾರೆ. ಹೇಳಲಿ. ಆದರೂ ಕೈಯಲ್ಲಿರುವ ಸಾಮಾನನ್ನು ನೀವೇ ನೋಡಿ.

ಮನೆಗೆ ತಂದ ಮೇಲೆ ನಿಂಬೆಹಣ್ಣು, ಹುಣಸೆಹಣ್ಣು, ಬೂದಿ, ಪಾತ್ರೆ ಬೆಳಗುವ ಪುಡಿ ಯಾವುದನ್ನೂ ಹತ್ತಿರ ತರಬೇಡಿ. ಹಬ್ಬಕ್ಕೆ ಮುಂಚೆ ಹಿತ್ತಾಳೆ ಬೆಳಗುವ ಉತ್ಸಾಹದಲ್ಲಿ ಇದನ್ನೂ ಬೆಳಗಿದರೆ ಕಪ್ಪು ಎದ್ದುಹೋಗುತ್ತದೆ. ಬೆಳ್ಳಿ ಸ್ವಲ್ಪ ಮಂಕಾದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ನಾನು ಎರಡು ತಿಂಗಳಿಗೊಮ್ಮೆ ಮಾಡುತ್ತೇನೆ, ಐದು ನಿಮಿಷದ ಕೆಲಸ. ಉಪ್ಪಿನಕಾಯಿ, ಮೊಸರು, ಹುಳಿ ಪದಾರ್ಥ ಅಂತೂ ಬೇಡವೇ ಬೇಡ.

ಬೆಲೆಯ ಬಗ್ಗೆ. ನಾನು ಚೌಕಾಸಿ ಮಾಡಲಿಲ್ಲ. ಅಪ್ಪನ ಅಂಗಡಿಯಲ್ಲಿ ಕೂಲಿಯ ವಿಷಯಕ್ಕೆ ಜನ ಎಳೆದಾಡುವುದನ್ನು ನೋಡಿಯೇ ಬೆಳೆದವಳು ನಾನು. ಚಿನ್ನದ ದರಕ್ಕೆ ಯಾರೂ ಚಕಾರ ಎತ್ತುವುದಿಲ್ಲ, ಕೂಲಿಗೆ ಮಾತ್ರ ನೂರು ರೂಪಾಯಿ ಕಡಿಮೆ ಮಾಡಿ ಅನ್ನುತ್ತಾರೆ. ಆ ನೂರು ರೂಪಾಯಿ ನಮ್ಮ ಮನೆಯ ಅಕ್ಕಿ ಆಗಿತ್ತು. ಬಿದ್ರಿಯಲ್ಲಿ ಕೂಲಿಯೇ ಹೆಚ್ಚು. ಸತುವಿಗೆ ಏನು ಬೆಲೆ, ಒಂದೂವರೆ ಗ್ರಾಂ ಬೆಳ್ಳಿಗೆ ಏನು ಬೆಲೆ? ಅದನ್ನು ಕಳೆದು ಉಳಿದದ್ದೆಲ್ಲ ಕಣ್ಣು ಮತ್ತು ಕೈ. 2023ರಲ್ಲಿ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರಿಗೆಲ್ಲ ಖುಷಿಯಾಗಿತ್ತು ಅಂತ ಚಾಚಾ ಹೇಳಿದರು. ಹೇಳುವಾಗ ಅವರದೇ ಮನೆಯವರಿಗೆ ಬಂದ ಹಾಗೆ ಮುಖ ಅರಳಿತ್ತು. ಆದರೆ ಅದೇ ಉಸಿರಿನಲ್ಲಿ, ಮಗ ಮಧ್ಯಾಹ್ನದ ಮೇಲೆ ಆಟೋ ಓಡಿಸುತ್ತಾನೆ ಅಂತಲೂ ಹೇಳಿದರು. ಉಳಿ ಹಿಡಿದ ಆ ಹುಡುಗನ ಕೈ ನೋಡಿದ ನನಗೆ ಆ ಮಾತು ಕೇಳಿ ಹೊಟ್ಟೆ ಉರಿಯಿತು.

ಪ್ಯಾಕಿಂಗ್ ಸಾಧಾರಣ. ಹಳೇ ಪತ್ರಿಕೆ, ಮೇಲೆ ರಟ್ಟಿನ ಡಬ್ಬಿ. ಆದರೂ ರೈಲಿನಲ್ಲಿ ಏನೂ ಆಗಲಿಲ್ಲ. ಬಿಲ್ ಕೇಳಿದರೆ ಕೊಟ್ಟರು. ಆಮೇಲೆ ಗೆಳತಿಯ ಮಗಳ ಮದುವೆಗೆ ಅಂತ ಇನ್ನೊಂದು ಬೇವಿನ ಕಲ್ಲನ್ನು ಫೋನಿನಲ್ಲೇ ಹೇಳಿ ಮಾಡಿಸಿದೆ. ಮೂರು ವಾರ ಅಂದವರು ಏಳು ವಾರ ತೆಗೆದುಕೊಂಡರು. ಮದುವೆ ಮುಗಿದೇ ಹೋಗಿತ್ತು. ಮಳೆಗಾಲ, ಎರಕ ಎರಡು ಸಲ ಕೆಟ್ಟಿತು ಅಂತ ಕಾರಣ ಕೊಟ್ಟರು. ಕೆಟ್ಟಿದ್ದನ್ನು ಬಣ್ಣ ಹಚ್ಚಿ ಕಳಿಸದೆ ಮತ್ತೆ ಕರಗಿಸಿದರಲ್ಲ ಅಂತ ನಾನು ಸಿಟ್ಟು ಮಾಡಲಿಲ್ಲ. ಆದರೆ ತಡ ಆಗುತ್ತದೆ ಅಂತ ಅವರಾಗಿಯೇ ಒಂದು ಮಾತು ಹೇಳಬೇಕಿತ್ತು. ನೀವು ಹೇಳಿ ಮಾಡಿಸುವುದಾದರೆ ಕಾರ್ಯದ ದಿನಕ್ಕಿಂತ ಮೂರು ತಿಂಗಳು ಮುಂಚೆ ಹೇಳಿ. ಅಲ್ಲಿಗೇ ಹೋಗುವುದಾದರೆ ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ.

ತಡವಾಗಿ ಬಂದ ಆ ಎರಡನೆಯ ಕಲ್ಲನ್ನು ಮದುವೆಯ ಮನೆಗೆ ಕೊಡಲಿಲ್ಲ. ಅಪ್ಪನಿಗೆ ಕೊಟ್ಟೆ. ಈ ಸಲ ಅವರು ತೂಗಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಬೇವಿನ ಕಡ್ಡಿಯನ್ನು ಬಿಟ್ಟು, ಖಾಲಿ ಇರುವ ಕಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. "ಅರದ ಗೀರ ಒಂದೂ ಇಲ್ಲಲ್ಲ ಯವ್ವಾ" ಅಂದರು. ಆಮೇಲೆ ಹಳೇ ಪೆಟ್ಟಿಗೆ ತೆಗೆದು, ತಕ್ಕಡಿಯ ಪಕ್ಕದಲ್ಲಿ ಒರೆಗಲ್ಲು ಇರುವ ಗೂಡಿನಲ್ಲಿ ಅದನ್ನು ಇಟ್ಟುಕೊಂಡರು.